ಮಕರಪುರದ ಸಭೆಯಲ್ಲಿ ಹೇಳಿದ ಮಾತು

ಅಣ್ಣ ನನಗೆ ಅಣ್ಣನಾದದ್ದು ಇಡ್ಲಿಯ ದೆಸೆಯಿಂದ. ಹಾಸನದ ಕಡೆಯಿಂದ ಅಹಮದಾಬಾದಿಗೆ ಡಾಕ್ಟರಿಕೆ ಓದಲು ಬಂದ ಹೊಸತು. ನವರಂಗಪುರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಬಾಡಿಗೆ ಫ್ಲಾಟು. ಇಲ್ಲಿ ಬೇಳೆಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ತಿಂದು ತಿಂದು ನಾಲಿಗೆ ಕೆಟ್ಟುಹೋಗಿತ್ತು. ಒಂದು ಬೆಳಗ್ಗೆ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಉಡುಪಿ ಹೋಟೆಲಿನ ಬೋರ್ಡು ಕಂಡು ಒಳಗೆ ನುಗ್ಗಿದೆ. ಇಡ್ಲಿ ಮುರಿದು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಅದೂ ಸಿಹಿ! ಎಲ್ಲಿತ್ತೋ ಸಿಟ್ಟು, ಗಲ್ಲಾದಲ್ಲಿ ಕೂತವರ ಹತ್ತಿರ ಹೋಗಿ, "ಏನ್ರೀ, ಉಡುಪಿ ಅಂತ ಬೋರ್ಡ್ ಹಾಕ್ಕೊಂಡು ಪಾಯಸ ಬಡಿಸ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಕನ್ನಡದಲ್ಲೇ ದಬಾಯಿಸಿದೆ.

ಅವರು ಕಣ್ಣರಳಿಸಿ ನೋಡಿದರು. "ಓಹೋ, ಕನ್ನಡದವಳಾ! ಕೂತ್ಕೊ ಮಾರಾಯ್ತಿ. ಇದು ಇಲ್ಲಿಯವರಿಗೆ ಮಾಡಿದ್ದು. ನಾವು ತಿನ್ನುವ ಸಾಂಬಾರು ಒಳಗೆ ಬೇರೆ ಉಂಟು" ಎಂದು ತಾವೇ ಎದ್ದು ಹೋಗಿ ಒಂದು ಬಟ್ಟಲಲ್ಲಿ ತಂದಿಟ್ಟರು. ಆಮೇಲೆ ಎಷ್ಟೋ ವರ್ಷ ನಾನು ಆ ಹೋಟೆಲಿನಲ್ಲಿ ಗಿರಾಕಿಗಳ ಸಾಂಬಾರು ಮುಟ್ಟಲಿಲ್ಲ. ಕೆಲಸದವರಿಗೆಂದು ಮಾಡಿದ್ದರಲ್ಲಿ ನನಗೂ ಒಂದು ಪಾಲು ಬರುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ನಾನು ಹೋಗದಿದ್ದರೆ ಡಬ್ಬಿಯೇ ಫ್ಲಾಟಿಗೆ ಬರುತ್ತಿತ್ತು. ನಾನು ಅಣ್ಣ ಅಂದೆ, ಅವರು ತಂಗಿ ಅಂದರು. ಪರವೂರಿನಲ್ಲಿ ಇದೆಲ್ಲ ಇದ್ದದ್ದೇ. ಅವರ ಹೆಂಡತಿಗೆ ಅತ್ತಿಗೆ ಅಂದೆ. ಅತ್ತಿಗೆ ಮಾತ್ರ ಮೊದಲಿನಿಂದಲೂ ನನ್ನನ್ನು "ಡಾಕ್ಟ್ರೆ" ಎಂದೇ ಕರೆದದ್ದು, ನಾನಿನ್ನೂ ಡಾಕ್ಟರಾಗದೆ ಇದ್ದಾಗಲೂ.

ಬರೀ ಬಾಯಿಮಾತಿನ ಅಣ್ಣ ಆಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನನ್ನ ಮದುವೆ ಇಲ್ಲಿಯ ಹುಡುಗನ ಜೊತೆ ಆಯಿತು, ಮಣಿನಗರದ ಒಂದು ಛತ್ರದಲ್ಲಿ. ಅಡುಗೆ ಅಣ್ಣನದೇ. ಮಂಟಪದಲ್ಲಿ ಗುಜರಾತಿ ಪುರೋಹಿತರು ಹೋಮದ ಮುಂದೆ ತಲೆ ಎತ್ತಿ, ಹುಡುಗಿಯ ಅಣ್ಣನೋ ತಮ್ಮನೋ ಬರಬೇಕು, ಅವಳ ಕೈಗೆ ಜವೆ, ಎಳ್ಳು ಹಾಕಬೇಕು ಎಂದರು. ನಾನು ಒಬ್ಬಳೇ ಮಗಳು. ಅಪ್ಪ ನೆಂಟರ ಸಾಲಿನಲ್ಲಿ ಯಾರಾದರೂ ಆದೀತೆಂದು ಕತ್ತು ಉದ್ದ ಮಾಡಿ ಹುಡುಕುತ್ತಿದ್ದರು. ಅಷ್ಟರಲ್ಲಿ ಯಾರೋ ಅಡುಗೆಮನೆಗೆ ಸುದ್ದಿ ಮುಟ್ಟಿಸಿದ್ದರು. ಸೊಂಟಕ್ಕೆ ಸುತ್ತಿದ ಟವೆಲಿಗೆ ಕೈ ಒರೆಸಿಕೊಳ್ಳುತ್ತ ಅಣ್ಣ ಬಂದರು. "ನಾನುಂಟಲ್ಲ" ಎಂದರು. ಅಷ್ಟೇ. ನನ್ನ ಬೊಗಸೆಗೆ ಹಾಕುವಾಗ ಅವರ ಕೈಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಆ ಮನುಷ್ಯನಿಗೆ ಮೊದಲು ಹೋದದ್ದು ಮೂಗು. ನಾನು ಆಗ ನರರೋಗದ ವೈದ್ಯೆಯಾಗಿ ಹೆಸರು ಮಾಡಿದ್ದೆ. ವಾರಕ್ಕೆರಡು ಸಲ ಹೋಟೆಲಿಗೆ ಹೋಗಿ, "ಏನಣ್ಣಾ, ಇಂಗು ಸುರಿದಿದ್ದೀರಾ? ಸಾಂಬಾರು ಮೂಗಿಗೆ ಹೊಡೀತಿದೆ" ಎಂದು ಗೇಲಿ ಮಾಡುತ್ತಿದ್ದೆ. ಅವರು, "ಹೌದಾ? ನಂಗೆ ಏನೂ ಗೊತ್ತೇ ಆಗುದಿಲ್ಲ ಮಾರಾಯ್ತಿ, ಶೀತ ಇರ್ಬೇಕು" ಎನ್ನುತ್ತಿದ್ದರು. ವಾಸನೆ ಹೋಗುವುದು ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ ಆಗಬಹುದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ನಾನೇ. ಎದುರಿಗೆ ಕೂತು ತಿಂದು, ನಕ್ಕು, ಕೈ ತೊಳೆದು ಬರುತ್ತಿದ್ದೆ. ಬಲಗೈ ಹೆಬ್ಬೆರಳು ತಾನಾಗಿ ಅಲುಗಾಡತೊಡಗಿದಾಗಲೇ ನನಗೆ ಹೊಳೆದದ್ದು. ಮನೆಯವರಂತೆ ಇರುವವರನ್ನು ನಾನೇ ನೋಡುವುದು ಸರಿಯಲ್ಲವೆಂದು ಇಲ್ಲಿಯ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದೆ. ಮಾತ್ರೆ ಶುರುವಾಯಿತು, ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬೆಳಗ್ಗೆ ನುಂಗಿದ್ದು ಮಧ್ಯಾಹ್ನದೊಳಗೆ ಕೈಕೊಡತೊಡಗಿತು. ಕಾಫಿ ಲೋಟ ಎತ್ತುವಷ್ಟರಲ್ಲಿ ಅರ್ಧ ಮೇಜಿನ ಮೇಲೆ.

ಈಗ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅಹಮದಾಬಾದ್, ವಡೋದರಾ, ಸೂರತ್ ಮೂರು ಊರುಗಳ ವೈದ್ಯರು, ಸಂಶೋಧಕರು, ಎಂಜಿನಿಯರುಗಳು ಸೇರಿಕೊಂಡ ಒಂದು ಕೂಟ ನಮ್ಮದು. ಮೆದುಳಿನ ಕಾಯಿಲೆಗಳಿಗೆ ಈಗಿರುವ ಚಿಕಿತ್ಸೆಯನ್ನು ಇನ್ನೂ ಚೆನ್ನಾಗಿ ಮಾಡಬಹುದೇ ಎಂದು ನೋಡುವುದು ಕೆಲಸ. ನಾನು ಅದರ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಏನೋ ಭಾರಿ ಸಂಶೋಧನೆ ಮಾಡುವವಳು ಎಂದು ಊರಿನವರು ತಿಳಿದಿದ್ದಾರೆ. ಪಾಪ, ತಿಳಿದುಕೊಳ್ಳಲಿ. ನಾನು ಮಾಡುವುದು ಜಗಳ ಬಿಡಿಸುವ ಕೆಲಸ. ಸೂರತ್ತಿನವರಿಗೆ ಅಹಮದಾಬಾದಿನವರೆಂದರೆ ಗುಮಾನಿ. ಅಹಮದಾಬಾದಿನವರಿಗೆ, ಸೂರತ್ತಿನವರು ಊಟದ ಮೇಲೆ ಇಟ್ಟ ಗಮನವನ್ನು ಕೆಲಸದ ಮೇಲೆ ಇಡುವುದಿಲ್ಲ ಎಂಬ ತಕರಾರು. ವಡೋದರಾದವರು ನಡುವೆ ಕೂತು ಎರಡೂ ಕಡೆಗೆ ತಲೆಯಾಡಿಸುತ್ತಾರೆ. ಇವರೆಲ್ಲರನ್ನೂ ಒಂದೇ ಕಡೆ ಕೂರಿಸಿ, ಒಬ್ಬರ ರೋಗಿಯ ವಿವರ ಇನ್ನೊಬ್ಬರಿಗೆ ಕೊಡುವಂತೆ ಮಾಡುವಷ್ಟರಲ್ಲಿ ನನ್ನ ಅರ್ಧ ಕೂದಲು ಬೆಳ್ಳಗಾಯಿತು.

ನಾವು ಕೈಗೆತ್ತಿಕೊಂಡದ್ದು ಇದೇ ನಡುಕದ ಕಾಯಿಲೆ. ಮಾತ್ರೆ ಸೋಲತೊಡಗಿದಾಗ ಮೆದುಳಿನ ಆಳಕ್ಕೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿಯಿಟ್ಟು, ಒಂದೇ ಸಮನೆ ವಿದ್ಯುತ್ ಹರಿಸುವ ಚಿಕಿತ್ಸೆ ಮೊದಲಿನಿಂದಲೂ ಇದೆ. ಯಂತ್ರವೇ ಮೆದುಳಿನ ಸ್ಥಿತಿ ಗುರುತಿಸಿ, ಬೇಕಾದಾಗ ಬೇಕಾದಷ್ಟನ್ನೇ ಕೊಟ್ಟರೆ ಹೇಗೆ ಎಂದು ನಾವು ನೋಡಹೊರಟಿದ್ದೆವು. ಅಧ್ಯಯನಕ್ಕೆ ಸೇರಿದವರಿಗೆ ಆಪರೇಷನ್ನು, ಯಂತ್ರ ಎಲ್ಲ ನಮ್ಮಿಂದಲೇ. ಹೊರಗೆ ಅದು ಸಾಧಾರಣದವರ ಕೈಗೆ ಎಟುಕುವುದಲ್ಲ. ಒಂದು ಗಡುವು ಮಾತ್ರ ಇತ್ತು: ನಡೆಯುವಾಗ ಆಯತಪ್ಪಿ ಬೀಳುವುದು ಶುರುವಾಗುವ ಮೊದಲೇ ಸೇರಬೇಕು. ಬೀಳತೊಡಗಿದ ಮೇಲೆ ಈ ತಂತಿಯಿಂದ ಹೇಳಿಕೊಳ್ಳುವಂಥ ಉಪಕಾರವಿಲ್ಲ.

ಇನ್ನೊಂದು ನಿಯಮವನ್ನು ನಾನೇ ಹಾಕಿದ್ದೆ. ಕೂಟದಲ್ಲಿರುವವರ ಮನೆಯವರನ್ನು, ನೆಂಟರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ನಮ್ಮ ದೇಶದಲ್ಲಿ ಈ ಬಾಗಿಲು ಒಂದು ಬೆರಳಷ್ಟು ತೆರೆದರೂ ಸಾಕು, ಷಡ್ಡಕನ ಚಿಕ್ಕಪ್ಪನೂ ಒಳಗೆ ಬಂದು ಕೂತಿರುತ್ತಾನೆ. ಮೊದಲು ಆ ನಿಯಮಕ್ಕೆ ಬಲಿಯಾದದ್ದು ಸೂರತ್ತಿನ ಸರ್ಜನ್. ನನಗಿಂತ ಕಿರಿಯ, ಒಂದು ಕಾಲಕ್ಕೆ ನಮ್ಮಲ್ಲೇ ಓದಿದವನು, ಬಹಳ ಒಳ್ಳೆಯ ಕೈ. ತನ್ನ ಸೋದರಮಾವನನ್ನು ಸೇರಿಸಿಕೊಳ್ಳಿ ಎಂದು ಫೋನಿನಲ್ಲಿ ಕೇಳಿದ. ನಾನು, "ನಿಮ್ಮ ಮಾಮನಿಗೆ ಒಂದು ನ್ಯಾಯ, ಊರಿಗೆಲ್ಲ ಇನ್ನೊಂದು ನ್ಯಾಯವಾ?" ಎಂದು ಕೇಳಿ ಫೋನ್ ಇಟ್ಟೆ. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಆತ ಮತ್ತೆ ಆ ವಿಷಯ ಎತ್ತಲಿಲ್ಲ. ಆ ಮಾವ ಈಗಿಲ್ಲ.

ಅಣ್ಣನ ಹೆಸರನ್ನು ಅಧ್ಯಯನಕ್ಕೆ ಕಳಿಸಿದ್ದು ಅವರನ್ನು ನೋಡುತ್ತಿದ್ದ ಡಾಕ್ಟರು. ಹೇಳಿಮಾಡಿಸಿದಂಥ ರೋಗಿ: ನಡಿಗೆ ಗಟ್ಟಿಯಾಗಿತ್ತು, ನೆನಪು ಚುರುಕಾಗಿತ್ತು, ಕೈ ಮಾತ್ರ ಮಾತು ಕೇಳುತ್ತಿರಲಿಲ್ಲ. ಹೆಸರು ಹೋಗಿದೆ ಎಂದು ನನಗೆ ಗೊತ್ತಿತ್ತು. ನಾನು ಕಂಡೂ ಕಾಣದ ಹಾಗೆ ಇದ್ದೆ. ರಕ್ತ ಹಂಚಿಕೊಂಡವರಲ್ಲ, ಒಂದೇ ಮನೆಯವರಲ್ಲ, ಜಾತಿ ಊರು ಯಾವುದೂ ಒಂದಲ್ಲ. ನಿಯಮ ಇವರಿಗೆ ಹತ್ತುವುದಿಲ್ಲ ಎಂದು ನನ್ನಷ್ಟಕ್ಕೆ ವಾದ ಮಾಡಿಕೊಂಡಿದ್ದೆ. ಹಾಗೆಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅವರಿಗೆ ಕೂಡ, ಅಲ್ಲಿ ನನ್ನ ಹೆಸರು ಎತ್ತಬೇಡಿ ಎಂದು ಹೇಳಲಿಲ್ಲ. ಹಾಗೆ ಹೇಳಿಕೊಡುವುದು ನನಗೆ ಸಣ್ಣತನ ಅನ್ನಿಸಿತ್ತು.

ಪರೀಕ್ಷೆ ಎಲ್ಲರಿಗೂ ವಡೋದರಾದಲ್ಲಿ. ಅತ್ತಿಗೆ ಜೊತೆ ಹೋಗಿದ್ದರು. ಅಲ್ಲಿದ್ದ ಹುಡುಗಿ, ಅಧ್ಯಯನದ ಉಸ್ತುವಾರಿಯವಳು, ಎಲ್ಲರನ್ನೂ ಕೇಳುವಂತೆ, ಕೂಟದ ಡಾಕ್ಟರುಗಳಲ್ಲಿ ನಿಮಗೆ ಸಂಬಂಧಿಕರಿದ್ದಾರೆಯೇ ಎಂದು ಕೇಳಿದ್ದಾಳೆ. ಅಣ್ಣ ಎದೆಯುಬ್ಬಿಸಿ, "ಇದ್ದಾಳೆ. ನಿಮ್ಮ ದೊಡ್ಡ ಮೇಡಮ್ಮೇ ನನ್ನ ತಂಗಿ" ಎಂದಿದ್ದಾರೆ. ಗುಜರಾತಿನಲ್ಲಿ ರಸ್ತೆಯಲ್ಲಿ ಸಿಕ್ಕವರೆಲ್ಲ ಭಾಯಿ, ಬೆನ್, ಅಣ್ಣ ತಂಗಿಯರೇ ತಾನೆ. ಅವಳು ನಕ್ಕು, ಒಡಹುಟ್ಟಿದವರಾ ಎಂದು ಮತ್ತೆ ಕೇಳಿದ್ದಾಳೆ. ಅಲ್ಲಿಗಾದರೂ ಬಿಡಬೇಕಲ್ಲ! "ಅದಕ್ಕಿಂತ ಜಾಸ್ತಿ. ಮದುವೆಯಲ್ಲಿ ಅಣ್ಣನ ಶಾಸ್ತ್ರ ಮಾಡಿದ್ದು ನಾನೇ, ಬೇಕಾದ್ರೆ ಫೋಟೊ ತೋರಿಸ್ಲಾ?" ಎಂದು ಅತ್ತಿಗೆಯ ಕೈಯಲ್ಲಿ ಫೋನ್ ತೆಗೆಸಿದ್ದಾರೆ. ಹಾಗೆ ಹೇಳಿದರೆ ತನಗೆ ತೊಂದರೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಹೋಟೆಲಿನವರ ಲೋಕದಲ್ಲಿ ನೆಂಟಸ್ತಿಕೆ ಹೇಳಿಕೊಂಡರೆ ಬಾಗಿಲು ತೆರೆಯುತ್ತದೆ. ಊರಿನಿಂದ ಬಂದ ಮಾಣಿಗೆ ಕೆಲಸ ಸಿಗುವುದು, ಉಳಿಯಲು ಜಾಗ ಸಿಗುವುದು, ಎಲ್ಲವೂ ಇಂಥವರ ಕಡೆಯವನು ಎಂಬ ಮಾತಿನಿಂದಲೇ. ಬಾಗಿಲು ಮುಚ್ಚುವ ನೆಂಟಸ್ತಿಕೆಯನ್ನು ಅವರು ಎಂದೂ ಕಂಡಿರಲಿಲ್ಲ.

ಅದೇ ತಿಂಗಳು ವಡೋದರಾದ ಮಕರಪುರದಲ್ಲಿ ನಮ್ಮ ಸಭೆ. ನಮ್ಮ ಯಂತ್ರದ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯ ಮಹಡಿಯ ಮೇಲೆ ಒಂದು ದೊಡ್ಡ ಕೋಣೆ, ಕೆಳಗೆ ಲೇತ್ ಯಂತ್ರಗಳ ಸದ್ದು. ಉಸ್ತುವಾರಿಯ ಹುಡುಗಿ ಒಬ್ಬೊಬ್ಬರ ವಿಷಯ ಹೇಳುತ್ತ ಬಂದಳು. ಒಬ್ಬರ ಹೆಸರಿನ ಹತ್ತಿರ ನಿಂತು, ನಾಚಿಕೊಂಡು, "ಇವರು ನಮ್ಮ ಮುಖ್ಯಸ್ಥರನ್ನು ತನ್ನ ತಂಗಿ ಅಂತ ಹೇಳಿದ್ದಾರೆ" ಎಂದಳು. ಕೋಣೆಯಲ್ಲಿ ಸಣ್ಣ ನಗು ಹರಿಯಿತು. ಸೂರತ್ತಿನ ಸರ್ಜನ್ ಮುಂದಕ್ಕೆ ಬಾಗಿ, "ಬೆನ್, ಅವರು ನಿಮಗೆ ನಿಜವಾಗಿ ಅಣ್ಣನಾ?" ಎಂದು ಕೇಳಿದ.

ಆ ಪ್ರಶ್ನೆಯ ಹಿಂದೆ ನನಗೆ ಕಂಡದ್ದು ಅವನ ಮಾವ. ಈಗ ಸಿಕ್ಕಿಬಿದ್ದೆ, ನೋಡೋಣ ಈ ನ್ಯಾಯವಂತೆ ಏನು ಮಾಡುತ್ತಾಳೆ ಎಂದು ಕೇಳುತ್ತಿದ್ದಾನೆ ಅನ್ನಿಸಿತು. ಅಲ್ಲ, ರಕ್ತಸಂಬಂಧವಿಲ್ಲ, ನಾನು ಊಟ ಮಾಡುತ್ತಿದ್ದ ಹೋಟೆಲಿನವರು ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಅಣ್ಣನಿಗೆ ಆಪರೇಷನ್ ಆಗುತ್ತಿತ್ತು. ಆದರೆ ಇಡೀ ಕೋಣೆ ನನ್ನ ಮುಖ ನೋಡುತ್ತಿತ್ತು. ನಾನು ನೆಟ್ಟಗೆ ಕೂತು, "ಹೌದು. ನನ್ನ ಅಣ್ಣ. ನಿಯಮ ನನಗೂ ಅದೇ. ತೆಗೆದುಬಿಡಿ" ಎಂದೆ.

ಉಸ್ತುವಾರಿಯ ಹುಡುಗಿ ಆ ಹೆಸರಿನ ಮೇಲೆ ಗೆರೆ ಎಳೆದಳು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಕೆಲವರು ಎದ್ದೇ ನಿಂತರು. ಮಧ್ಯಾಹ್ನದ ಊಟದ ಹೊತ್ತಿಗೆ, ವರ್ಷದಿಂದ ಜಗ್ಗಾಡುತ್ತಿದ್ದ ಸೂರತ್ತಿನವರು ತಮ್ಮ ಎಲ್ಲ ದಾಖಲೆಗಳನ್ನೂ ಹಂಚಿಕೊಳ್ಳುತ್ತೇವೆ ಎಂದರು. ಮೇಡಮ್ ತಮ್ಮ ಅಣ್ಣನನ್ನೇ ಬಿಟ್ಟುಕೊಟ್ಟರು, ನಾವು ಇಷ್ಟು ಮಾಡದಿದ್ದರೆ ಹೇಗೆ ಎಂದು ಒಬ್ಬರು ಭಾಷಣವನ್ನೇ ಮಾಡಿದರು. ಮುಚ್ಚುಮರೆ ಯಾಕೆ, ಆ ದಿನ ನಾನು ಬಹಳ ಖುಷಿಯಲ್ಲಿದ್ದೆ. ಇನ್ನು ಈ ಕೂಟ ಒಡೆಯುವುದಿಲ್ಲ, ನಾನು ಗೆದ್ದೆ ಅನ್ನಿಸಿತ್ತು. ವಾಪಸು ಬರುವಾಗ ಕಾರಿನಲ್ಲಿ ಗಂಡನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಎಲ್ಲ ಕೇಳಿ, "ಭಾಯಿಗೆ ಮತ್ತೆ ಏನು ಮಾಡುತ್ತೀಯ?" ಎಂದರು. ನಾನು ಸಿಟ್ಟುಮಾಡಿಕೊಂಡು ಫೋನ್ ಇಟ್ಟೆ.

ಅಣ್ಣನಿಗೆ ಮುಖ ತೋರಿಸುವುದು ಹೇಗೆ ಎಂದು ಎರಡು ದಿನ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿಸಿದರು. ಬೈಯಿಸಿಕೊಳ್ಳಲು ತಯಾರಾಗಿಯೇ ಹೋದೆ. ನೋಡಿದರೆ ಹೋಟೆಲಿನಲ್ಲಿ ಹಬ್ಬ. ಬಂದ ಗಿರಾಕಿಗಳಿಗೆಲ್ಲ ಬಾಳೆಲೆಯ ತುಂಡಿನಲ್ಲಿ ಶೀರಾ ಹಂಚುತ್ತಿದ್ದಾರೆ! ನನ್ನನ್ನು ಕಂಡದ್ದೇ ಗಲ್ಲಾ ಬಿಟ್ಟು ಎದ್ದು ಬಂದರು.

"ಬಾ ಬಾ, ಬಾ ತಂಗೀ! ಅಲ್ಲ ಮಾರಾಯ್ತಿ, ಅಷ್ಟು ದೊಡ್ಡ ದೊಡ್ಡ ಡಾಕ್ಟ್ರುಗಳ ಎದುರು ನೀನು ಹೌದು, ಇವ್ರು ನನ್ನ ಅಣ್ಣ ಅಂತ ಹೇಳಿದ್ದಂತೆ? ಆ ವಡೋದರಾದ ಹುಡುಗಿ ಫೋನ್ ಮಾಡಿ ಹೇಳಿದ್ಲು. ಎಲ್ಲ ಎದ್ದು ನಿಂತ್ರಂತೆ!"

"ಅಣ್ಣಾ, ಆಪರೇಷನ್ ಆಗಲ್ಲ ಅಂತಾನೂ ಹೇಳಿದ್ಲಲ್ಲ?"

"ಹೇಳಿದ್ಲು. ಹೋಗ್ಲಿ ಬಿಡು. ಮಾತ್ರೆ ಉಂಟಲ್ಲ. ನಾನೆಂತ ನಾಳೆ ಸಾಯ್ತೇನಾ?" ಎಂದು ಗಲಗಲ ನಕ್ಕರು. "ಈ ಊರಿಗೆ ಬಂದಾಗ ನಾನು ಮೇಜು ಒರೆಸ್ತಿದ್ದವ. ಈಗ ನೋಡು, ಡಾಕ್ಟ್ರುಗಳ ಸಭೆಯಲ್ಲಿ ನನ್ನ ವಿಷಯ!"

ನನಗೆಂದು ಶೀರಾದ ತಟ್ಟೆ ತಾವೇ ಎತ್ತಿಕೊಂಡು ಬರಲು ಹೋದರು. ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿತು. ನಾನು ಉಳಿದದ್ದನ್ನು ತಿಂದೆ. ಗಲ್ಲಾದ ಪಕ್ಕದಲ್ಲಿ ನಿಂತಿದ್ದ ಅತ್ತಿಗೆ ನನ್ನನ್ನು ನೋಡಿ ನಗಲಿಲ್ಲ. ಒಂದು ಬಟ್ಟೆ ತಂದು ನೆಲ ಒರೆಸಿದರು.

ಅಣ್ಣನಿಗೆ ಬೇರೆ ದಾರಿ ಹುಡುಕಲು ನಾನು ಒದ್ದಾಡಲಿಲ್ಲ ಎಂದಲ್ಲ. ಮಾತ್ರೆಯ ಹೊತ್ತು ಬದಲಾಯಿಸಿ ನೋಡುವಂತೆ ಅವರ ಡಾಕ್ಟರಿಗೆ ಹೇಳಿದೆ, ವ್ಯಾಯಾಮ ಮಾಡಿಸುವವರನ್ನು ಮನೆಗೆ ಕಳಿಸಿದೆ. ಮಾಡಬೇಕಾದದ್ದು ಬೇರೆಯೇ ಇತ್ತು. ಮುಂದಿನ ಸಭೆಯಲ್ಲಿ ಎದ್ದು, ಅವರು ನನ್ನ ಒಡಹುಟ್ಟಿದವರಲ್ಲ, ದಯವಿಟ್ಟು ಮತ್ತೆ ಪರಿಶೀಲಿಸಿ ಎಂದು ಕೇಳಬೇಕಿತ್ತು. ಪ್ರತಿ ಸಭೆಗೂ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಅಷ್ಟು ಚಪ್ಪಾಳೆ ತಟ್ಟಿದವರ ಮುಂದೆ ಮಾತು ತಿರುಗಿಸುವುದು ಹೇಗೆ? ಮುಂದಿನ ಸಲ ನೋಡೋಣ ಎಂದುಕೊಂಡು ನುಂಗಿಕೊಂಡು ಬರುತ್ತಿದ್ದೆ. ಹೀಗೆ ಮುಂದೂಡುತ್ತಿದ್ದಾಗಲೇ ಅಣ್ಣ ಒಂದು ಬೆಳಗ್ಗೆ ಹೋಟೆಲಿನ ಮೆಟ್ಟಿಲ ಮೇಲೆ ಬಿದ್ದರು. ವಾರದೊಳಗೆ ಬಚ್ಚಲಿನಲ್ಲಿ ಬಿದ್ದರು. ಗಡುವು ಮುಗಿಯಿತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೋಟೆಲನ್ನು ದಾಯಾದಿಯೊಬ್ಬರಿಗೆ ನೋಡಿಕೊಳ್ಳಲು ಬಿಟ್ಟು ಅವರು ಮಣಿನಗರದ ಮನೆಯಲ್ಲಿ ಕುರ್ಚಿ ಹಿಡಿದರು.

ಅತ್ತ ಅಧ್ಯಯನ ಮಾತ್ರ ಚೆನ್ನಾಗಿ ನಡೆಯಿತು. ಎಲ್ಲರಿಗೂ ಒಂದೇ ಹದದಲ್ಲಿ ಅಲ್ಲ. ಆದರೂ ಹಲವರ ಕೈ ಮಾತು ಕೇಳತೊಡಗಿತು. ಈಚೆಗೆ ಸೂರತ್ತಿಗೆ ಹೋದಾಗ ಸೀರೆಗೆ ಜರಿ ಕಸೂತಿ ಮಾಡುವ ಒಬ್ಬ ಹೆಂಗಸು ನನ್ನೆದುರೇ ಸೂಜಿಗೆ ದಾರ ಪೋಣಿಸಿ ತೋರಿಸಿದಳು. ಒಂದೇ ಸಲಕ್ಕೆ. ತಾನೇ ಬಿದ್ದು ಬಿದ್ದು ನಕ್ಕಳು. ಸುತ್ತ ನಿಂತವರೆಲ್ಲ ನನ್ನ ಕೈ ಕುಲುಕಿದರು. ಇದೇ ದಿನಕ್ಕೆಂದು ಇಷ್ಟು ವರ್ಷ ಜಗಳ ಬಿಡಿಸಿದವಳು ನಾನು, ಕುಣಿಯಬೇಕಿತ್ತು. ನನ್ನ ಕಣ್ಣು ಅವಳ ಹೆಬ್ಬೆರಳನ್ನು ಬಿಟ್ಟು ಕದಲಲಿಲ್ಲ.

ಊಟಕ್ಕೆ ಕೂತಾಗ ಸರ್ಜನ್ ನನ್ನ ಪಕ್ಕ ಬಂದ. ನನ್ನ ತಟ್ಟೆ ಹಾಗೇ ಇದ್ದದ್ದನ್ನು ನೋಡಿ, "ಭಾಯಿ ಹೇಗಿದ್ದಾರೆ?" ಎಂದು ಮೆಲ್ಲಗೆ ಕೇಳಿದ. ಬೀಳುತ್ತಿದ್ದಾರೆ ಎಂದೆ. ಆತ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಬೆನ್, ಒಂದು ಮಾತು ಕೇಳಲಾ? ಅವತ್ತು ನೀವು ಹೌದು ಅಂತ ಯಾಕೆ ಹೇಳಿದಿರಿ?" ಎಂದ.

"ಅಂದರೆ?" ಎಂದೆ.

"ನಿಮ್ಮ ಮದುವೆಗೆ ನಾನು ಬಂದಿದ್ದೆನಲ್ಲ. ಅಡುಗೆಮನೆಯಿಂದ ಅವರು ಎದ್ದುಬಂದದ್ದನ್ನು ನೋಡಿದ್ದೇನೆ. ಒಡಹುಟ್ಟಿದವರಲ್ಲ ಅಂತ ನನಗೆ ಗೊತ್ತಿತ್ತು. ನೀವು ಎಲ್ಲರ ಮುಂದೆ ಅಲ್ಲ ಅಂದುಬಿಡಲಿ, ಆಮೇಲೆ ಯಾರೂ ಕೊಂಕು ತೆಗೆಯೋ ಹಾಗಿಲ್ಲ, ಅವರನ್ನು ಸೇರಿಸಿಕೊಳ್ಳೋಣ ಅಂತಲೇ ಕೇಳಿದ್ದು. ನನ್ನ ಮಾಮನಿಗೆ ಆಗಲಿಲ್ಲ, ಇವರಿಗಾದರೂ ಆಗಲಿ ಅಂತ." ಆತನ ದನಿಯಲ್ಲಿ ದೂರು ಇರಲಿಲ್ಲ. "ನೀವು ಹೌದು ಅಂದಮೇಲೆ ನಾನು ಏನು ಮಾಡಲಿ? ನನಗೂ ಚಪ್ಪಾಳೆ ತಟ್ಟಬೇಕಾಯ್ತು."

ಥೂ ನನ್ನ ಬುದ್ಧಿಗಿಷ್ಟು! ಆ ಮನುಷ್ಯ ಬಾಗಿಲು ತೆರೆದು ಹಿಡಿದಿದ್ದ, ನಾನು ಅದನ್ನು ಬೋನು ಎಂದುಕೊಂಡೆ. ಅವನನ್ನು ನನ್ನ ಅಳತೆಯಲ್ಲೇ ಅಳೆದಿದ್ದೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಬೋನೇ ಒಡ್ಡುತ್ತಿದ್ದೆ.

ಮಧ್ಯಾಹ್ನದ ಸಭೆಯನ್ನು ಇನ್ನೊಬ್ಬರಿಗೆ ವಹಿಸಿ ಸಿಕ್ಕಿದ ರೈಲು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ಅಣ್ಣಾ, ಅವತ್ತು ನಿಮ್ಮ ಮೇಲಿನ ಪ್ರೀತಿಯಿಂದ ಆ ಮಾತು ಹೇಳಲಿಲ್ಲ, ನನ್ನ ಹೆಸರು ಉಳಿಸಿಕೊಳ್ಳಲು ಹೇಳಿದೆ. ಅಲ್ಲ ಎಂದಿದ್ದರೆ ನಿಮ್ಮ ಕೈ ಉಳಿಯುತ್ತಿತ್ತೋ ಏನೋ. ಇಷ್ಟೇ. ಅವರು ಬೈಯಲಿ, ಇನ್ನು ಈ ಮನೆಗೆ ಬರಬೇಡ ಅನ್ನಲಿ. ಮಣಿನಗರದಲ್ಲಿ ಇಳಿದು ನೇರ ಅವರ ಮನೆಗೆ ನಡೆದೆ.

ಮನೆಯಲ್ಲಿ ಊರಿನಿಂದ ಬಂದ ನೆಂಟರಿದ್ದರು, ಗಂಡ ಹೆಂಡತಿ, ವಯಸ್ಸಾದವರು, ದ್ವಾರಕೆಗೆ ಹೋಗುವ ದಾರಿಯಲ್ಲಿ ಇಳಿದಿದ್ದರು. ಅಣ್ಣ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿದ್ದರು. ನನ್ನನ್ನು ಕಂಡು ಮುಖ ಅರಳಿಸಲು ನೋಡಿದರು. ಈ ಕಾಯಿಲೆಯಲ್ಲಿ ಮುಖವೂ ಬಿಗಿದುಕೊಳ್ಳುತ್ತದೆ, ಕಣ್ಣು ಮಾತ್ರ ಅರಳಿತು. ನಾನು ನೆಂಟರಿಗೆ ನಮಸ್ಕಾರ ಮಾಡಿ ಅಡುಗೆಮನೆಗೆ ಹೋದೆ. ಅತ್ತಿಗೆ ಕಾಯಿ ತುರಿಯುತ್ತಿದ್ದರು. ಅಲ್ಲೇ ನಿಂತು, ಮೊದಲು ಅವರಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ತುರಿಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಆವತ್ತೇ ಗೊತ್ತಿತ್ತು ಡಾಕ್ಟ್ರೆ" ಎಂದರು. "ಅಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾವು ನಿಮ್ಗೆ ಎಂತ ಸಂಬಂಧ? ಹೋಟೆಲಿನವ್ರು. ಹಾಗೆ ಹೇಳಿದ್ರೆ ನಮ್ಗೇನು ಬೇಜಾರಾಗ್ತಿರ್ಲಿಲ್ಲ."

"ನಾನು ಅವರ ಹತ್ರ ಎಲ್ಲ ಹೇಳಿಬಿಡ್ತೀನಿ ಅತ್ತಿಗೆ. ಅದಕ್ಕೇ ಬಂದದ್ದು."

ಅತ್ತಿಗೆ ಈಗ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಎಂತಕ್ಕೆ? ನೀವು ಹೇಳಿ, ಅತ್ತು, ಹಗುರ ಮಾಡ್ಕೊಂಡು ಮನೆಗೆ ಹೋಗ್ತೀರಿ. ಅವ್ರು ಆ ಕುರ್ಚಿಯಲ್ಲಿ ಕೂತು ಎಂತ ಮಾಡ್ಬೇಕು? ಕೈ ಅಂತೂ ಹೋಯ್ತು. ಈಗ ತಂಗಿಯನ್ನೂ ತೆಗೀತೀರಾ?"

ಬೈದದ್ದಲ್ಲ ಅದು. ಬೈದಿದ್ದರೆ ಒಳ್ಳೆಯದಿತ್ತು. ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿ, "ಮುಖ ತೊಳ್ಕೊಳ್ಳಿ. ಕಾಫಿ ಕೊಡ್ತೇನೆ" ಎಂದರು.

ಹೊರಗೆ ಅಣ್ಣ ನೆಂಟರಿಗೆ ಏನನ್ನೋ ಹೇಳಲು ಹೆಣಗುತ್ತಿದ್ದರು. ಅವರ ದನಿ ಈಗ ಬಹಳ ಸಣ್ಣದಾಗಿದೆ, ಬಾಯಿಯ ಹತ್ತಿರ ಕಿವಿಯಿಟ್ಟರೆ ಮಾತ್ರ ಕೇಳುತ್ತದೆ. ನೆಂಟರು ಏನು, ಏನು ಎಂದು ಬಗ್ಗಿ ಬಗ್ಗಿ ಕೇಳಿ ಸುಸ್ತಾಗಿದ್ದರು. ನಾನು ಹೋಗಿ ಅವರ ಕುರ್ಚಿಯ ಪಕ್ಕ ಕೂತೆ. ಅವರು ನನ್ನ ಕಡೆ ವಾಲಿದರು.

"ನಂಗೆ ಆಗುದಿಲ್ಲ ಮಾರಾಯ್ತಿ" ಎಂದರು. "ಆ ಡಾಕ್ಟ್ರುಗಳ ಸಭೆಯದ್ದು. ನೀನೇ ಹೇಳು ಇವ್ರಿಗೆ. ನೀನು ಹೇಳಿದ್ರೇ ಚಂದ."

ಅತ್ತಿಗೆ ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಹೇಳಿದೆ. ಎಷ್ಟು ಜನ ಇದ್ದರು, ಸೂರತ್ತಿನ ಡಾಕ್ಟರು ಏನು ಕೇಳಿದರು, ನಾನು ಹೌದು, ನನ್ನ ಅಣ್ಣ ಎಂದು ಹೇಗೆ ಹೇಳಿದೆ, ಅಣ್ಣ ಕೇಳಬಯಸಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದರು. ಆ ಅಜ್ಜನಿಗೆ ಕಿವಿ ಸ್ವಲ್ಪ ಮಂದವಂತೆ, ಕೊನೆಯ ಮಾತು ಕೇಳಿಸಲಿಲ್ಲ ಎಂದರು. ಹೌದು, ನನ್ನ ಅಣ್ಣ ಎಂದು ಇನ್ನೊಂದು ಸಲ ಜೋರಾಗಿ ಹೇಳಿದೆ.